ಗೂಡಿನ ಗಿಲಕಿ, ನೀರಿನ ಕ್ಯಾನಿನ ನಗಾರಿ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿಶಾಲೆಗಳ ವಾರ್ಷಿಕೋತ್ಸವ ಹೇಗೆ ನಡೆಯುತ್ತದೆಂಬುದು ಎಲ್ಲರಿಗೂ ತಿಳಿದಿದೆ. ಬಾಡಿಗೆಯ ಧ್ವನಿಪೆಟ್ಟಿಗೆಯಿಂದ ಚಲನಚಿತ್ರ ಗೀತೆಯೊಂದು ಹೊರಡುತ್ತದೆ. ಮಕ್ಕಳು ಅದಕ್ಕೆ ಹೆಜ್ಜೆ ಹಾಕುತ್ತಾರೆ. ಹಾಡಿನ ಒಂದೊಂದು ಅಕ್ಷರವೂ ಅವರಿಗೆ ಕಂಠಪಾಠ. ತುಟಿಗಳೂ ಅಲುಗುತ್ತಿರುತ್ತವೆ. ಆದರೆ ಯಾವ ಮಗುವಿನ ದನಿಯೂ ಹೊರಗೆ ಕೇಳಿಸುವುದಿಲ್ಲ. ಹಾಡು ಮಕ್ಕಳದ್ದಲ್ಲ, ಪೆಟ್ಟಿಗೆಯದು. ಸಂಗೀತ ಶಿಕ್ಷಕರಿಲ್ಲದ ಶಾಲೆಗಳೇ ಹೆಚ್ಚಾಗಿರುವ ನಾಡಿನಲ್ಲಿ ಇದಕ್ಕೆ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಹಾರ್ಮೋನಿಯಂ, ತಬಲಾಗಳಿಗೆ ಹಣ ಎಲ್ಲಿಂದ ಎಂಬುದು ಅವರ ಪ್ರಶ್ನೆ. ಉತ್ತರದ ಒಂದು ಪಾಲು ಮಕ್ಕಳ ಮನೆಯ ಅಡುಗೆಕೋಣೆಯಲ್ಲೂ ಹುಳುಮನೆಯಲ್ಲೂ ಇದೆ.

ಮೊದಲು ಹಾಡಿನ ಆಯ್ಕೆಯ ಮಾತು. ಹಿರಿಯರು ಮಕ್ಕಳ ಬಾಯಿಗೆ ಜಾನಪದ ಗೀತೆಯನ್ನೇ ಇಡಬಯಸುತ್ತಾರೆ. ಮಕ್ಕಳಿಗೆ ಬೇಕಾದುದು ಈ ವಾರ ಬಂದ ಚಿತ್ರಗೀತೆ, ಅದೂ ಹಲವೊಮ್ಮೆ ತೆಲುಗಿನದು. ಇದರಲ್ಲಿ ಬೇಸರಪಡಬೇಕಾದುದೇನೂ ಇಲ್ಲ. ಬಳೆ ಮಾರುತ್ತಾ ಊರೂರು ಸುತ್ತಿದ ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದರು. ಎರಡು ಭಾಷೆಗಳಲ್ಲಿ ಹಾಡುವುದು ಈ ಗಡಿಸೀಮೆಗೆ ಹೊಸತಲ್ಲ. ಮಗು ತಾನೇ ಇಷ್ಟಪಟ್ಟ ಹಾಡಿನಿಂದಲೇ ಆರಂಭವಾಗಲಿ. ನುಡಿಸಲು ಕೂತ ಮಗು ಅದೇ ಹಾಡನ್ನು ಬೇರೆ ಕಿವಿಯಿಂದ ಕೇಳತೊಡಗುತ್ತದೆ: ಇಲ್ಲಿ ಬಡಿತ ಎಷ್ಟಕ್ಕೊಮ್ಮೆ ಬೀಳುತ್ತಿದೆ, ಇಲ್ಲಿ ಏಕೆ ಎಲ್ಲರೂ ಸುಮ್ಮನಾದರು, ಎಂದು.

ಇನ್ನು ವಾದ್ಯಗಳು. ಈ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವ ಕಾರಣ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಅವುಗಳ ಹಿಂದೆಯೇ ಇಪ್ಪತ್ತು ಲೀಟರಿನ ಕ್ಯಾನು ಮನೆಮನೆಗೂ ಬಂತು. ಬರಿದಾದ ಆ ಕ್ಯಾನನ್ನು ತೊಡೆಗಳ ನಡುವೆ ಹಿಡಿದು ಅಂಗೈಯಿಂದ ಬಡಿದರೆ ನಗಾರಿಯಂತಹ ಗಂಭೀರ ನಾದ ಹೊರಡುತ್ತದೆ. ಕಂಠದ ಬಳಿ ಬೆರಳುಗಳಿಂದ ತಟ್ಟಿದರೆ ಸ್ವರ ಏರುತ್ತದೆ. ಒಂದೇ ಕ್ಯಾನಿನಲ್ಲಿ ಎರಡು ದನಿಗಳು ದೊರೆತ ಮೇಲೆ ತಾಳದ ಅರ್ಧ ಕೆಲಸ ಮುಗಿದಂತೆಯೇ. ಮಣ್ಣಿನ ಕೊಡ ಉಳಿದಿರುವ ಮನೆಯಿದ್ದರೆ ಅದು ಭಾಗ್ಯ. ಕಛೇರಿಯ ಘಟವಾದರೂ ಹದವರಿತು ಮಾಡಿ ಸುಟ್ಟ ಮಣ್ಣಿನ ಕೊಡವೇ ಅಲ್ಲವೇ? ಬೆಂಗಳೂರಿನಲ್ಲಿ ನೆಲೆಸಿದ ಘಟವಿದುಷಿ ಸುಕನ್ಯಾ ರಾಮಗೋಪಾಲ್ ಅವರು ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಮುಂದಿಟ್ಟುಕೊಂಡು ಸ್ವರಗಳನ್ನೇ ನುಡಿಸುವ 'ಘಟತರಂಗ'ವನ್ನು ರೂಪಿಸಿದ್ದಾರೆ. ಹೆಣ್ಣುಮಕ್ಕಳಿಗೆ ಲಯವಾದ್ಯ ಒಗ್ಗದೆಂದು ಮೂಗು ಮುರಿಯುವವರಿಗೆ ಇದನ್ನು ತಿಳಿಸುವುದು ಒಳಿತು.

ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ಇನ್ನೊಂದು ಸಂಪತ್ತು ಇದೆ. ಗೂಡು ಬಿಡಿಸುವ ಮುನ್ನ ರೈತ ಒಂದೆರಡು ಗೂಡುಗಳನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾನೆ. ಒಳಗೆ ಕೋಶ ಬಲಿತಿದ್ದರೆ 'ಟಕ್ ಟಕ್' ಸದ್ದು ಬರುತ್ತದೆ. ಅಂದರೆ ಗೂಡು ಮೊದಲೇ ಗಿಲಕಿ! ಚಿಟ್ಟೆ ಹೊರಬಂದು ತೂತಾದ ಗೂಡಿನಿಂದ ನೂಲು ಬಿಚ್ಚಲು ಬಾರದು. ಅಂತಹ ಗೂಡಿನ ತೂತಿನಲ್ಲಿ ನಾಲ್ಕು ಹೆಸರುಕಾಳು ಹಾಕಿ, ಬಟ್ಟೆಯ ಚೂರನ್ನು ಅಂಟಿಸಿ ಮುಚ್ಚಿ, ಇಪ್ಪತ್ತು ಮೂವತ್ತನ್ನು ದಾರಕ್ಕೆ ಪೋಣಿಸಿ ಕಾಲಿಗೆ ಕಟ್ಟಿದರೆ ಮೆಲುದನಿಯ ಗೆಜ್ಜೆ ಸಿದ್ಧ. ಒಂದು ಮಗು ಕಟ್ಟಿದರೆ ಕೇಳಿಸದು. ಹತ್ತು ಮಕ್ಕಳು ಕೂಡಿ ಹೆಜ್ಜೆ ಹಾಕಿದರೆ ಒಣ ಎಲೆಗಳ ಮೇಲೆ ಮಳೆ ಬಿದ್ದಂತೆ ಕೇಳಿಸುತ್ತದೆ. ಮೂಲೆ ಸೇರಿದ ಹಳೆಯ ಬಿದಿರಿನ ಚಂದ್ರಿಕೆಯ ಪಟ್ಟಿಗಳ ಮೇಲೆ ಕಡ್ಡಿಯನ್ನು ಎಳೆದರೆ 'ಕರ್ರ್' ಎಂಬ ದನಿ. ಚಿಂತಾಮಣಿ ಕಡೆಯ ತೋಪುಗಳಲ್ಲಿ ಮೊಳೆತ ಮಾವಿನ ಓಟೆಯನ್ನು ಕಲ್ಲಿಗೆ ಉಜ್ಜಿ ಪೀಪಿ ಮಾಡುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಸ್ವರದ ವಿಷಯ ತುಸು ಕಷ್ಟ, ಹಾಗೆಯೇ ಹೆಚ್ಚು ರುಚಿಕರ. ವಿದ್ಯುತ್ ವೈರಿಂಗಿನಲ್ಲಿ ಉಳಿದ ಪೈಪಿನ ತುಂಡನ್ನು ಒಂದು ತುದಿಯಲ್ಲಿ ಬಿಗಿಯಾಗಿ ಮುಚ್ಚಿ, ಇನ್ನೊಂದು ತುದಿಯ ಅಂಚಿನ ಮೇಲೆ ಊದಬೇಕು. ಪೈಪು 33 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 260 ಕಂಪನಗಳ ಸ್ವರ ಹೊರಡುತ್ತದೆ. ಹಾರ್ಮೋನಿಯಂ ನುಡಿಸುವವರು ಇದನ್ನು ಬಿಳಿ ಒಂದು ಎನ್ನುತ್ತಾರೆ. ಅದನ್ನೇ ಷಡ್ಜವೆಂದು ಹಿಡಿದರೆ 22 ಸೆಂಟಿಮೀಟರಿನ ತುಂಡು ಪಂಚಮವನ್ನೂ, ಹದಿನಾರೂವರೆಯದು ಮೇಲಿನ ಷಡ್ಜವನ್ನೂ ಕೊಡುತ್ತದೆ. ಮೂರು ಪೈಪು, ಮೂವರು ಮಕ್ಕಳು. ಹಾಡಿಗೆ ಬೇಕಾದ ಶ್ರುತಿ ಸಿದ್ಧವಾಯಿತು. ರಾಗವನ್ನು ಕಂಠಕ್ಕೇ ಬಿಡುವುದು ಮೇಲು. ಪೈಪುಗಳಿಂದಲೇ ಇಡೀ ಹಾಡು ನುಡಿಸಹೊರಟ ಪ್ರಯತ್ನಗಳು ಸಾಮಾನ್ಯವಾಗಿ ಗದ್ದಲದಲ್ಲಿ ಕೊನೆಗಾಣುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೋಜಿಗವನ್ನು ತಾವೇ ಪರೀಕ್ಷಿಸಬಹುದು. ಗಾಜಿನ ಸೀಸೆಗೆ ನೀರು ತುಂಬುತ್ತಾ ಹೋದಂತೆ ಅದರ ಬಾಯಿಯಲ್ಲಿ ಊದಿದರೆ ಸ್ವರ ಏರುತ್ತದೆ. ಅದೇ ಸೀಸೆಯನ್ನು ಚಮಚದಿಂದ ತಟ್ಟಿದರೆ ಸ್ವರ ಇಳಿಯುತ್ತದೆ. ಊದಿದಾಗ ಕಂಪಿಸುವುದು ಒಳಗಿನ ಗಾಳಿ, ನೀರು ಏರಿದಂತೆ ಅದಕ್ಕೆ ಜಾಗ ಕಿರಿದಾಗುತ್ತದೆ. ತಟ್ಟಿದಾಗ ಕಂಪಿಸುವುದು ಗಾಜು, ನೀರಿನ ಭಾರ ಅದನ್ನು ನಿಧಾನಗೊಳಿಸುತ್ತದೆ. ಯಾವುದನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಬಾಳಿನುದ್ದಕ್ಕೂ ಬೋಧಿಸಿದ ಎಚ್. ನರಸಿಂಹಯ್ಯನವರ ಹುಟ್ಟೂರು ಹೊಸೂರು ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲಿಯೇ. ಸರ್ ಸಿ.ವಿ. ರಾಮನ್ ಅವರೂ ಚರ್ಮವಾದ್ಯಗಳ ಬೆನ್ನುಹತ್ತಿದವರು. ಮೃದಂಗ, ತಬಲಾಗಳ ನಡುವಿನ ಕಪ್ಪು ಕರಣೆಯ ಭಾರದಿಂದಾಗಿ ಅವು ಬರಿಯ ಸದ್ದಿಗೆ ಬದಲಾಗಿ ಶ್ರುತಿಬದ್ಧ ನಾದವನ್ನು ಕೊಡುತ್ತವೆಂದು ಅವರು 1920ರಲ್ಲಿಯೂ ಮತ್ತೆ 1934ರಲ್ಲಿಯೂ ವಿವರಿಸಿದರು. ಡಬ್ಬದ ಬಾಯಿಗೆ ಬಲೂನಿನ ರಬ್ಬರು ಬಿಗಿದು, ನಡುವೆ ರಾಗಿಮುದ್ದೆಯ ಸಣ್ಣ ಬಿಲ್ಲೆಯೊಂದನ್ನು ಅಂಟಿಸಿ ಬಡಿದು ನೋಡಿದರೆ ದನಿ ಹೇಗೆ ಬದಲಾಗುತ್ತದೆಂದು ಐದನೆಯ ತರಗತಿಯ ಮಗುವೂ ಹೇಳಬಲ್ಲದು. ಮೃದಂಗದ ಎಡಮೈಗೆ ರವೆ ಮೆತ್ತುವುದೂ ಇದೇ ತತ್ತ್ವದ ಮೇಲೆ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕಾಗಿದೆ. ಕ್ರಿಮಿನಾಶಕದ ಡಬ್ಬ, ಕಳೆನಾಶಕದ ಸೀಸೆ, ಹುಳುಮನೆಗೆ ಸಿಂಪಡಿಸುವ ಸೋಂಕುನಿವಾರಕದ ಕ್ಯಾನು, ಇವು ಎಷ್ಟು ಸಲ ತೊಳೆದರೂ ಮಕ್ಕಳ ಕೈಗೆ ಬರಕೂಡದು. ಇವೇ ಹೊಲದ ಬದುವಿನಲ್ಲಿ ಸುಲಭವಾಗಿ ಸಿಗುವಂಥವು, ನೋಡಲೂ ಅಂದವಾದವು, ಅಪಾಯವಿರುವುದೇ ಅಲ್ಲಿ. ಬಣ್ಣದ ಡಬ್ಬಗಳೂ ಬೇಡ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಿಗೊಳಿಸಿದ ನಿಯಮ ಜಾರಿಯಾದದ್ದು 2017ರ ಕೊನೆಯಲ್ಲಿ. ಅಟ್ಟದ ಮೇಲಿನ ಡಬ್ಬ ಯಾವ ವರ್ಷದ್ದೆಂದು ಬಲ್ಲವರು ಯಾರು? ಪೈಪನ್ನು ದೊಡ್ಡವರು ಕೊಯ್ಯಲಿ, ತಗಡಿನ ಅಂಚನ್ನು ಮಡಿಸಿ ಬಡಿಯಲಿ.

ಇಷ್ಟೆಲ್ಲ ಆದ ಮೇಲೆ ಒಂದು ಬಿಸಿಯಾದ ಪ್ರಶ್ನೆ ಉಳಿಯುತ್ತದೆ. ಮಗ ಎಣ್ಣೆಡಬ್ಬವನ್ನು ಬಡಿದರೆ ಮನೆಯವರು ಮೆಚ್ಚಿ ನಗುತ್ತಾರೆ. ಅದೇ ಮಗ ಅದೇ ಗತ್ತನ್ನು ತಮಟೆಯ ಮೇಲೆ ಬಡಿದರೆ ಮುಖ ಗಂಟಿಕ್ಕುತ್ತದೆ. ಡಬ್ಬಕ್ಕೆ ಜಾತಿಯಿಲ್ಲ, ತಮಟೆಗೆ ಇದೆ. ಆದರೆ ಈ ಸೀಮೆಯ ಮಕ್ಕಳ ಬೆರಳುಗಳಲ್ಲಿ ತಾನಾಗಿ ಹೊಮ್ಮುವ ಬಡಿತ ತಮಟೆಯದೇ. ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಅವರು ಕೇಳಿ ಬೆಳೆದದ್ದು ಅದನ್ನೇ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸಂಭ್ರಮಿಸದವರಿಲ್ಲ. ಆ ಸಂಭ್ರಮ ಪ್ರಶಸ್ತಿಗೆ ಸಂದಿತೋ, ತಮಟೆಗೂ ಸಂದಿತೋ ಎಂಬುದು ಊರಿನ ತಮಟೆಯವರನ್ನು ಶಾಲೆಯ ಜಗಲಿಯ ಮೇಲೆ ಕೂರಿಸಿದ ದಿನ ತಿಳಿಯುತ್ತದೆ.

ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ಬಡವರು ಎಣ್ಣೆಪೀಪಾಯಿಗಳ ತಳವನ್ನು ಸುತ್ತಿಗೆಯಿಂದ ತಟ್ಟಿ ಸ್ವರ ಹೊರಡಿಸಿದಾಗ ಊರಿನ ಸಭ್ಯರು ಅವರನ್ನು ಪುಂಡರೆಂದು ದೂರಿದರು. ಇಂದು ಅದು ಆ ದೇಶದ ರಾಷ್ಟ್ರೀಯ ವಾದ್ಯ. ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ ಕಟೇವುರಾ ಎಂಬ ಕಸದ ರಾಶಿಯ ಪಕ್ಕದ ಮಕ್ಕಳು ತಗಡಿನ ಡಬ್ಬದ ಪಿಟೀಲು ನುಡಿಸಿ ಲೋಕಪ್ರಸಿದ್ಧರಾದರು. 2015ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರವೂ ಬಂತು. ಪತ್ರಿಕೆಗಳು ಕಸವನ್ನು ಕೊಂಡಾಡಿದವು. ಆ ಮಕ್ಕಳಿಗೆ ದೊರೆತದ್ದು ಕಸವಷ್ಟೇ ಅಲ್ಲ, ಬಿಡದೆ ಪಾಠ ಹೇಳಿದ ಗುರು ಎಂಬುದು ಅಷ್ಟಾಗಿ ಕಿವಿಗೆ ಬೀಳಲಿಲ್ಲ.

ಈ ಸೀಮೆಯ ಹಳ್ಳಿಗಳಲ್ಲಿ ಲಯದ ಗುರು ಆಗಲೇ ಇದ್ದಾರೆ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಶ್ರುತಿಗೆ ತರುವುದನ್ನು, ಒಂದು ಗಿಡ್ಡ ಕೋಲು ಮತ್ತೊಂದು ಸಪೂರ ಕಡ್ಡಿ ಬೇರೆ ಬೇರೆ ಮಾತಾಡುವುದನ್ನು ಅವರಷ್ಟು ಚೆನ್ನಾಗಿ ತೋರಿಸುವವರಿಲ್ಲ. ಅವರನ್ನು ಕರೆದ ದಿನದ ಕೂಲಿಯನ್ನು ಶಾಲೆಯೋ ಗ್ರಾಮ ಪಂಚಾಯಿತಿಯೋ ಕೈಗಿಡಬೇಕು. ಬರಿಯ ಹಾರ, ಶಾಲು ಸಾಲದು.

ಅಭ್ಯಾಸಕ್ಕೆ ಹದಿನೈದು ಮಕ್ಕಳ ಗುಂಪು ಸಾಕು. ಮೊದಲ ದಿನ ವಾದ್ಯ ಬೇಡ. ಹಾಡುತ್ತಾ ಚಪ್ಪಾಳೆಯಿಂದ ತಾಳ ಹಿಡಿಯಲಿ. ಎರಡನೆಯ ದಿನ ಕ್ಯಾನು, ಮೂರನೆಯ ದಿನ ಪೈಪುಗಳ ಶ್ರುತಿ, ಗೆಜ್ಜೆ ಕೊನೆಗೆ. ಎಲ್ಲರೂ ಏಕಕಾಲಕ್ಕೆ ಬಾರಿಸಬಾರದೆಂಬ ಒಂದೇ ಕಟ್ಟಳೆ ಇರಲಿ: ಹಾಡುವವರ ಮಾತು ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಬೇಕು, ಕೇಳದಿದ್ದರೆ ಒಂದು ವಾದ್ಯ ಸುಮ್ಮನಾಗಬೇಕು. ಯಾವುದು ಸುಮ್ಮನಾಗಬೇಕೆಂಬುದನ್ನು ಮಕ್ಕಳೇ ತೀರ್ಮಾನಿಸಲಿ, ಜಗಳವಾಗುತ್ತದೆ, ಆಗಲಿ. ಅಭ್ಯಾಸ ಐದು ಗಂಟೆಯೊಳಗೆ ಮುಗಿಯುವುದು ಒಳ್ಳೆಯದು. ಕ್ಯಾನುಗಳು ಮನೆಗೆ ಮರಳಬೇಕು, ಅಷ್ಟು ಹೊತ್ತಿಗೆ ನೀರಿನ ಘಟಕದ ಮುಂದೆ ಸಾಲು ನಿಂತಿರುತ್ತದೆ.