ಬೇಸಿಗೆ ಕೋರ್ಸಿಗೆ ಹೊರಡುವ ಮುನ್ನ



ಏಷ್ಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆಯ ಅಲ್ಪಾವಧಿ ಕೋರ್ಸುಗಳಿವೆ. ನಮ್ಮ ಮುರಗೋಡದ ಮಕ್ಕಳೂ ಏಕೆ ಹೋಗಬಾರದು? ಆದರೆ ಅವರ ಬೇಸಿಗೆ ನಮ್ಮ ಬೇಸಿಗೆಯಲ್ಲ. ದಕ್ಷಿಣ ಕೊರಿಯಾದಲ್ಲಿ ಅದು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಇಲ್ಲಿ ಆಗ ಮುಂಗಾರು, ಪರೀಕ್ಷೆಯೂ ಇದ್ದೀತು. ಮೊದಲು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವೇಳಾಪಟ್ಟಿ ನೋಡಿಕೊಳ್ಳಿರಿ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆ 'ಇಮಾಮಸಾಬ', ಆಧಾರ್ ಕಾರ್ಡಿನಲ್ಲಿ 'ಇಮಾಮ್ ಸಾಹೇಬ್'. ಒಂದರಲ್ಲಿ ಅಡ್ಡಹೆಸರು 'ನದಾಫ', ಇನ್ನೊಂದರಲ್ಲಿ ಬರೀ 'ಎನ್'. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಪಾಸ್‌ಪೋರ್ಟ್, ಪ್ರವೇಶ ಪತ್ರ, ವಿಮಾನದ ಟಿಕೆಟ್ ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇರಬೇಕು. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಪದವಿಯ ಮೊದಲ ವರ್ಷವೇ ಸರಿಪಡಿಸಿಕೊಳ್ಳಿರಿ. ಚಿಕ್ಕಂದಿನಲ್ಲಿ ಉಮ್ರಾಗೆಂದು ಮಾಡಿಸಿದ ಪಾಸ್‌ಪೋರ್ಟ್ ಇದೆಯೆಂದು ನಿಶ್ಚಿಂತರಾಗಬೇಡಿರಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ ಹೆಚ್ಚೆಂದರೆ 5 ವರ್ಷ.

ತಾಯಂದಿರಿಗೆ ಊಟ, ನಮಾಜಿನದೇ ಚಿಂತೆ. ಅದು ಸಹಜ. ಸಿಯೋಲ್ ನಗರದಲ್ಲಿ 1976ರಿಂದಲೇ ದೊಡ್ಡ ಮಸೀದಿಯಿದೆ, ಸುತ್ತಲೂ ಹಲಾಲ್ ಊಟದ ಅಂಗಡಿಗಳಿವೆ. ಮಲೇಶಿಯಾದಲ್ಲಂತೂ ಈ ಚಿಂತೆಯೇ ಬೇಡ. ಮಗಳ ಅರ್ಜಿಗೂ ಮಗನ ಅರ್ಜಿಗೂ ಬೇಕಾಗುವ ಕಾಗದಗಳು ಒಂದೇ. ಇಬ್ಬರವನ್ನೂ ಪೆಟ್ಟಿಗೆಯಿಂದ ತೆಗೆದು, ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ.