ಸಂಬಳ 12 ಸಲ, ರೀಚಾರ್ಜ್ 13 ಸಲ

ನೋಯ್ಡಾ, ಗುರುಗ್ರಾಮದಲ್ಲಿರೋ ನಮ್ಮಂಥ ಬಹಳ ಜನರ ಫೋನಲ್ಲಿ ಎರಡು ಸಿಮ್ ಇರುತ್ತೆ. ಒಂದು ದೆಹಲಿ ಸರ್ಕಲ್‌ದು, ಇನ್ನೊಂದು ಕರ್ನಾಟಕದ್ದು. ಊರಿನ ನಂಬರ್ ಬಿಡೋಕಾಗಲ್ಲ. ಬ್ಯಾಂಕ್, ಆಧಾರ್, ಒಟಿಪಿ ಎಲ್ಲಾ ಅದಕ್ಕೇ ಅಂಟಿಕೊಂಡಿದೆ. ಜೊತೆಗೆ ಊರಲ್ಲಿರೋ ಅಪ್ಪ-ಅಮ್ಮನ ಫೋನಿಗೂ ನಾವೇ ಇಲ್ಲಿಂದ ರೀಚಾರ್ಜ್ ಮಾಡ್ತೀವಿ. ಅಲ್ಲಿಗೆ ನಾಲ್ಕು ಸಿಮ್.

ಈಗ ಲೆಕ್ಕ ಹಾಕಿ. ಪ್ಲ್ಯಾನ್ 28 ದಿನದ್ದು. 365ನ್ನು 28ರಿಂದ ಭಾಗಿಸಿದ್ರೆ 13. ಸಂಬಳ ಬರೋದು 12 ಸಲ, ರೀಚಾರ್ಜ್ 13 ಸಲ. 2024ರ ಜುಲೈ 3 ಮತ್ತು 4ರಂದು ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ದರ ಏರಿಸಿದವು. ಏರ್‌ಟೆಲ್‌ನ 179 ರೂಪಾಯಿ ಪ್ಲ್ಯಾನ್ 199 ಆಯ್ತು. ಈ ದರದಲ್ಲಿ ನಾಲ್ಕು ಸಿಮ್‌ಗೆ ವರ್ಷಕ್ಕೆ 10,348 ರೂಪಾಯಿ.

ಮೂವರೂ ಕೂತು ಮಾತಾಡಿಕೊಂಡ್ರು ಅಂತ ನಾನು ಹೇಳ್ತಿಲ್ಲ. ಅದರ ಅಗತ್ಯವೇ ಇಲ್ಲ. ಅಂಗಡಿ ಕಮ್ಮಿ ಇದ್ದಾಗ ಒಬ್ಬರು ಏರಿಸಿದ್ರೆ ಸಾಕು, ಉಳಿದವರು ಹಿಂದೆಯೇ ಬರ್ತಾರೆ. 2010ರ ಸುಮಾರಿಗೆ ದೆಹಲಿಯಲ್ಲಿ ಏರ್‌ಟೆಲ್, ವೊಡಾಫೋನ್, ಐಡಿಯಾ, ರಿಲಯನ್ಸ್, ಟಾಟಾ, ಏರ್‌ಸೆಲ್, ಎಂಟಿಎನ್‌ಎಲ್ ಎಲ್ಲಾ ಇದ್ದವು. 2012ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ 122 ಲೈಸೆನ್ಸ್ ರದ್ದು ಮಾಡಿತು. 2016ರ ಸೆಪ್ಟೆಂಬರಲ್ಲಿ ಜಿಯೋ ಬಂದು ಡೇಟಾ ಅಗ್ಗ ಮಾಡ್ತು. ನಾವೆಲ್ಲ ಅದರ ಲಾಭ ಪಡೆದ್ವಿ, ಸುಳ್ಳಲ್ಲ. ಆದ್ರೆ ಆ ಪೈಪೋಟಿಯಲ್ಲಿ ಕೆಲವರು ಬಾಗಿಲು ಹಾಕಿದ್ರು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು.

"ಬೇಡ ಅಂದ್ರೆ ಪೋರ್ಟ್ ಮಾಡಿ" ಅಂತಾರೆ. ಮಾಡಬಹುದು, 1900ಕ್ಕೆ ಒಂದು ಮೆಸೇಜ್ ಕಳಿಸಿದ್ರೆ ಶುರುವಾಗುತ್ತೆ. ಆದ್ರೆ ಪಕ್ಕದ ಅಂಗಡೀಲೂ ಹೆಚ್ಚುಕಮ್ಮಿ ಅದೇ ರೇಟ್ ಇದ್ರೆ ಹೋಗಿ ಏನು ಪ್ರಯೋಜನ? ಬಿಎಸ್‌ಎನ್‌ಎಲ್ ಅಗ್ಗ, ಆದ್ರೆ ನಿಮ್ಮೂರಲ್ಲಿ ಸಿಗ್ನಲ್ ಹೇಗಿದೆ ಅಂತ ಮೊದಲು ನೋಡ್ಕೊಳ್ಳಿ.

ಇಂಥ ಕಡೆ ಕೆಲಸಕ್ಕೆ ಬರೋದು ಟ್ರಾಯ್. ಪ್ರತಿ ಕಂಪನಿಯೂ 30 ದಿನದ ಪ್ಲ್ಯಾನ್ ಒಂದಾದ್ರೂ ಇಡಬೇಕು ಅಂತ 2022ರ ಜನವರಿಯಲ್ಲಿ ಆದೇಶಿಸಿತು. ಡೇಟಾ ಇಲ್ಲದ, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಪ್ಯಾಕ್ ಕೊಡಬೇಕು ಅಂತ 2024ರ ಡಿಸೆಂಬರಲ್ಲಿ ನಿಯಮ ತಂತು. ಕೀಪ್ಯಾಡ್ ಫೋನ್ ಇಟ್ಕೊಂಡಿರೋ ಅಮ್ಮ ಬಳಸದೇ ಇರೋ ಡೇಟಾಗೆ ನಾವು ಯಾಕೆ ದುಡ್ಡು ಕಟ್ಟಬೇಕು?

ನಾನು ಬಳಸೋ ಆ್ಯಪ್‌ನಲ್ಲಿ ಈ ಪ್ಯಾಕ್ ಮೊದಲ ಪುಟದಲ್ಲಿ ಕಾಣಿಸಲೇ ಇಲ್ಲ, ಹುಡುಕಬೇಕಾಯ್ತು. ಹಾಗಾಗಿ ಮುಂದಿನ ರೀಚಾರ್ಜ್‌ಗೆ ಮುಂಚೆ ಎರಡು ನಿಮಿಷ ಕೊಡಿ. ಪ್ಲ್ಯಾನಿನ ಬೆಲೆಯನ್ನು ದಿನಗಳಿಂದ ಭಾಗಿಸಿ. ಯಾವ ಸಿಮ್‌ಗೆ ಡೇಟಾ ನಿಜವಾಗಿ ಬೇಕು ಅಂತ ನೋಡಿ, ಆಮೇಲೆ ದುಡ್ಡು ಕಟ್ಟಿ.