ನಮ್ಮವರನ್ನೂ ಕೇಳೋಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಬಂದ ನಿಮ್ಮೆದುರು ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಒಮ್ಮೆ ನಮ್ಮೂರ ಗ್ರಾಮಸಭೆಯ ಪುಸ್ತಕ ಮನೆಗೇ ಬಂತು. ಓದದೆ ಸಹಿ ಹಾಕಿದೆ. ನಡೆಯದ ಸಭೆಗೆ ನಾನೇ ಸಾಕ್ಷಿಯಾದೆ. ತಂದವರು ನಮ್ಮವರಲ್ಲವೇ ಎಂಬ ದಾಕ್ಷಿಣ್ಯ.

ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಹೊಲಕ್ಕೆ ನೀರು ಯಾವಾಗ ಎಂದು ನಾವು ಕೇಳುವುದು ಚುನಾವಣೆ ಬಂದಾಗ ಮಾತ್ರ. ಗೆದ್ದವರು ನಮ್ಮವರಾದರೆ ಅದೂ ಇಲ್ಲ.

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದವರು ಸ್ವಂತ ಗಂಡ ಮಾರಯ್ಯನವರು. ಆದರೂ ಪ್ರಶ್ನಿಸಿದರು, ಹಿಂದಿರುಗಿಸಲು ಹೇಳಿದರು. ಅದು ಹಗೆತನವಲ್ಲ, ಕಾಯಕನಿಷ್ಠೆ.

ನಮಗೂ ದಾರಿಗಳಿವೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಶಾಸಕರ ಅನುದಾನದ ಕಾಮಗಾರಿಯ ಲೆಕ್ಕವನ್ನೂ ಹೀಗೆಯೇ ಕೇಳಬಹುದು.

ಇನ್ನು ನಾನು ಸಭೆಗೆ ಹೋಗಿಯೇ ಸಹಿ ಹಾಕುತ್ತೇನೆ. ನೀವೂ ನಿಮ್ಮ ಊರಿನ ಸಭೆಗೆ ಹೋಗಿರಿ. ತಾಯಂದಿರನ್ನೂ ಕರೆದುಕೊಂಡು ಹೋಗಿರಿ.